ಒಂದು ಮಳೆಗಾಲ ಕಾಣದ ಬೈಕಿಗೆ ಎಂಥ ಅಂಕ?

ಮೂರು ಬೈಕ್ ತಂದು ಎರಡು ದಿನ ಓಡಿಸಿ, ಎಂಜಿನ್ನಿಗೆ ಇಷ್ಟು, ಬ್ರೇಕಿಗೆ ಇಷ್ಟು, ನೋಟಕ್ಕೆ ಇಷ್ಟು ಅಂತ ಅಂಕ ಹಾಕಿ, ಕೂಡಿಸಿ, ಅರ್ಧ ಅಂಕ ಮುಂದಿದ್ದದ್ದು ಗೆದ್ದಿತು ಅನ್ನೋದು ಮ್ಯಾಗಜಿನ್‌ಗಳ ಪದ್ಧತಿ. ಕಾರವಾರ, ಕುಮಟಾ, ಶಿರಸಿ ಕಡೆಯವರು ಆ ಮೊತ್ತ ನೋಡಿ ಬೈಕ್ ತಗೊಳ್ಳಬೇಡಿ.

ಮೊದಲು ಅವರ ಅಂಕಿಯನ್ನೇ ಹಿಡೀರಿ. 145 ಕೆಜಿ ಬೈಕಿನ ಮೇಲೆ 65 ಕೆಜಿಯವರು ಕೂತರೆ ಒಟ್ಟು 210. 75 ಕೆಜಿಯವರು ಕೂತರೆ 220. ತೂಕ ಹತ್ತಿರ ಹತ್ತಿರ ಶೇ. 5 ಏರಿತು. ಸೊನ್ನೆಯಿಂದ 60 ಕಿ.ಮೀ. ವೇಗಕ್ಕೆ 5 ಸೆಕೆಂಡ್ ತಗೊಳ್ಳೋ ಬೈಕು ಇಷ್ಟಕ್ಕೇ ಕಾಲು ಸೆಕೆಂಡ್ ಹಿಂದೆ ಬೀಳ್ತದೆ. ಸೋಲು ಗೆಲುವಿನ ಅಂತರ ಎಷ್ಟೋ ಸಲ ಅಷ್ಟೂ ಇರೋದಿಲ್ಲ. ಮೈಲೇಜೂ ಹಾಗೇ. ಒಮ್ಮೆ ಸೈಡ್ ಸ್ಟ್ಯಾಂಡಿನಲ್ಲಿ, ಇನ್ನೊಮ್ಮೆ ನೆಟ್ಟಗೆ ನಿಲ್ಲಿಸಿ ಟ್ಯಾಂಕ್ ತುಂಬಿಸಿ 200 ಮಿ.ಲೀ. ಹೆಚ್ಚುಕಮ್ಮಿ ಆದರೆ, 2 ಲೀಟರಿನ ಪರೀಕ್ಷೆಯಲ್ಲಿ ಶೇ. 10 ತಪ್ಪು.

ಬ್ರೇಕನ್ನು ಒಣ ಡಾಂಬರಿನ ಮೇಲೆ ಒಂದೆರಡು ಸಲ ಒತ್ತಿ ಮೀಟರ್ ಅಳೀತಾರೆ. ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ಇಳಿಯುವವರಿಗೆ ಬೇಕಾದದ್ದು ಬೇರೆ. ಹಿಂದೊಬ್ಬರು ಕೂತು, ಟ್ಯಾಂಕಿನ ಮೇಲೊಂದು ಚೀಲ ಇದ್ದು, ತಿರುವು ತಿರುವಿಗೂ ಒತ್ತಿದ ಮೇಲೆ ಕೊನೇ ತಿರುವಿನಲ್ಲೂ ಲಿವರ್ ಗಟ್ಟಿ ಇರ್ತದಾ? ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಆದರೆ ಅದು ಗಾಳಿಯ ತೇವ ಹೀರ್ತದೆ. ಶೇ. 3.7ರಷ್ಟು ನೀರು ಸೇರಿದ ಆಯಿಲ್ಲಿಗೆ ಮಾನದಂಡ 155 ಡಿಗ್ರಿ ಅಷ್ಟೇ. ಕುದ್ದರೆ ಪೈಪಿನಲ್ಲಿ ಗುಳ್ಳೆ. ಒತ್ತಿದಾಗ ಗುಳ್ಳೆ ಕುಗ್ಗಿ, ಲಿವರ್ ಹ್ಯಾಂಡಲ್ ಮುಟ್ತದೆ, ಬೈಕ್ ಮಾತ್ರ ನಿಲ್ಲೋದಿಲ್ಲ. ಪರೀಕ್ಷೆಗೆ ಬರೋ ಬೈಕಿನಲ್ಲಿ ಆಯಿಲ್ಲೂ ಹೊಸದು, ಪ್ಯಾಡೂ ಹೊಸದು. ನಮ್ಮ ಕಡೆ ಎರಡು ವರ್ಷ ಕಾಯದೆ ಪ್ರತಿ ಮಳೆಗಾಲ ಮುಗಿದ ಮೇಲೆ ಆಯಿಲ್ ಬದಲಿಸೋದೇ ಸರಿ.

ಸಿಟ್ಟು ಬರೋದು ನೋಟದ ಅಂಕಕ್ಕೆ. ಪೂರ್ತಿ ಚೈನ್ ಕವರ್ ಇದ್ದರೆ ಹಳೇ ಕಾಲದ್ದು, ಮೋಟು ಮಡ್‌ಗಾರ್ಡ್ ಇದ್ದರೆ ಸ್ಪೋರ್ಟಿ! ಜುಲೈಯಲ್ಲಿ ಶಿರಸಿಯ ಹಳ್ಳಿ ರಸ್ತೆಗೆ ಇಳಿಸಿ ನೋಡಿ. ಹಿಂದಿನ ಚಕ್ರ ಎಸೆದ ಕೆಂಪು ರಾಡಿ ಸೀದಾ ಮೊನೊಶಾಕ್ (ಹಿಂದಿನ ಒಂಟಿ ಶಾಕ್ ಅಬ್ಸಾರ್ಬರ್) ದಂಡಕ್ಕೆ ಬಡೀತದೆ. ರಾಡಿಯ ಮರಳು ಸೀಲ್ ತಿಂದು ಎಣ್ಣೆ ಸೋರ್ತದೆ. ತೆರೆದ ಚೈನಿನ ಎಣ್ಣೆ ಒಂದು ಮಳೆಗೇ ತೊಳೆದು ಹೋಗ್ತದೆ. ಆಮೇಲೆ ಸೀಮೆಎಣ್ಣೆ (ಸಿಕ್ಕರೆ!) ಇಲ್ಲವೇ ಚೈನ್ ಕ್ಲೀನರ್ ಹಾಕಿ ಮೆತ್ತನೆ ಬ್ರಶ್ಶಿನಲ್ಲಿ ಉಜ್ಜಬೇಕು. ತಂತಿ ಬ್ರಶ್ ತಾಗಿಸಿದರೆ ಚೈನ್ ಕೊಂಡಿಗಳ ರಬ್ಬರ್ ಬಳೆ (ಓ-ರಿಂಗ್) ಹರೀತದೆ. ಒರೆಸಿ, 90 ನಂಬರ್ ಗೇರ್ ಆಯಿಲ್ಲನ್ನು ಚೈನಿನ ಒಳಬದಿಗೆ ಹಾಕಿ, ರಾತ್ರಿಯಿಡೀ ಬಿಡಿ. ಹೆಚ್ಚಿನ ಬೈಕಿಗೆ ಚೈನಿನ ಸಡಿಲ (ಮೇಲೆ ಕೆಳಗೆ ಆಡೋದು) 20-30 ಮಿ.ಮೀ. ಅದಕ್ಕಿಂತ ಬಿಗಿ ಮಾಡಿದರೆ ಬೇರಿಂಗಿಗೆ ಪೆಟ್ಟು.

ಕಾರವಾರದ ಉಪ್ಪುಗಾಳಿಗೆ ತುಕ್ಕು ಮೊದಲು ಹಿಡಿಯೋದು ಸೈಲೆನ್ಸರ್ ಬೆಂಡಿನ ವೆಲ್ಡಿಂಗಿಗೆ, ಸ್ಪೋಕಿನ ನಿಪ್ಪಲ್ಲಿಗೆ. ಅದಾದರೂ ಕಣ್ಣಿಗೆ ಕಾಣ್ತದೆ. ಕಾಣದ್ದು ಕಪ್ಲರ್ (ವೈರ್ ಜೋಡಿಸೋ ಪ್ಲಗ್) ಒಳಗಿನ ಹಸಿರು ಕಿಟ್ಟ. ಸೈಡ್ ಸ್ಟ್ಯಾಂಡ್ ಕಟ್-ಆಫ್ (ಸ್ಟ್ಯಾಂಡ್ ಇಳಿಸಿಟ್ಟು ಗೇರ್ ಹಾಕಿದರೆ ಎಂಜಿನ್ ನಿಲ್ಲಿಸೋದು) ಇರುವ ಬೈಕಿನಲ್ಲಿ ಆ ಸ್ವಿಚ್ಚಿನ ಕಪ್ಲರ್‌ಗೆ ಕಿಟ್ಟ ಹಿಡಿದರೆ, ಸ್ಟ್ಯಾಂಡ್ ಎತ್ತಿದ್ದರೂ ಗೇರ್ ಹಾಕಿದ ಕೂಡಲೇ ಎಂಜಿನ್ ಬಂದ್. ಜನ ಇಂಜೆಕ್ಟರ್, ಪಂಪು ಅಂತ ದುಡ್ಡು ಸುರೀತಾರೆ. ಕಪ್ಲರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ತೇವ ತಡೆಯೋ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರೆ ಆಯ್ತು, ಹತ್ತು ನಿಮಿಷ. ಮ್ಯಾಗಜಿನ್‌ನವರೇ, ಆ ಕಪ್ಲರ್ ಎಲ್ಲಿದೆ, ಅಲ್ಲಿಗೆ ಕೈ ಹೋಗ್ತದಾ, ಅದನ್ನು ಬರೀರಿ ಮಾರಾಯ್ರೆ.