ಎಲ್‌ಆರ್ (ಲಾರಿ ರಸೀದಿ) ಮೇಲೆ ಗೇಟಿಗೆ ಬಂದ ಟೈಮ್ ಬರೆಯಿರಿ

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಅಣ್ಣ ಫೋನ್ ಮಾಡಿದ್ದ. ಅಣ್ಣ ಅಂದರೆ ನಮ್ಮ ದೊಡ್ಡಪ್ಪನ ಮಗ, ಹದಿನೆಂಟು ವರ್ಷದಿಂದ ಲಾರಿ ಓಡಿಸುತ್ತಿದ್ದಾನೆ. ಪುಣೆ ಹತ್ತಿರ ಒಂದು ಫ್ಯಾಕ್ಟರಿ ಗೇಟಿನ ಮುಂದೆ ನಿಂತಿದ್ದ. ಮಾಲು ತಲುಪಿಸಿ ಎರಡು ದಿನ ಆಗಿತ್ತು, ಇನ್ನೂ ಇಳಿಸಿಕೊಂಡಿರಲಿಲ್ಲ. ಒಳಗೆ ಜಾಗ ಇಲ್ಲ, ನಾಳೆ ನೋಡೋಣ ಅಂದರಂತೆ. ಹೊರಗೆ ರಸ್ತೆ ಪಕ್ಕ ಮೂವತ್ತು ಲಾರಿಗಳ ಸಾಲು. ಶೌಚಾಲಯ ಇಲ್ಲ, ನೆರಳಿಲ್ಲ. ನಿದ್ದೆ ಆಯ್ತಾ ಅಂತ ಕೇಳಿದೆ. "ಹೆಂಗ್ ಮಲಗ್ಲಿ ತಮ್ಮ, ಲೈನ್ ಮುಂದಕ್ಕೆ ಸರಿದ್ರೆ ನಾನೂ ಸರೀಬೇಕು, ಇಲ್ಲಾಂದ್ರೆ ಹಿಂದಿನವನು ನುಗ್ತಾನೆ. ಕಣ್ಣು ಮುಚ್ಚಿದ್ರೆ ಟ್ಯಾಂಕಿಂದ ಡೀಸೆಲ್ ಎಳೀತಾರೆ ಇಲ್ಲಿ" ಅಂದ.

ಆ ಎರಡು ದಿನಕ್ಕೆ ಅವನಿಗೆ ಸಿಗುವ ಕೂಲಿ ಸೊನ್ನೆ. ಅವನದು ಟ್ರಿಪ್ ಲೆಕ್ಕ. ಲಾರಿ ಓಡಿದರೆ ದುಡ್ಡು, ನಿಂತರೆ ಇಲ್ಲ. ಊಟದ ಖರ್ಚು ಮಾತ್ರ ನಿಂತರೂ ಆಗುತ್ತದೆ. ಇಷ್ಟೆಲ್ಲ ಆದಮೇಲೆ ಅನ್‌ಲೋಡ್ ಆದ ಮರುಕ್ಷಣವೇ ಓನರ್ ಫೋನ್ ಬರುತ್ತದೆ, ರಿಟರ್ನ್ ಲೋಡ್ ಸಿಕ್ಕಿದೆ, ಬೇಗ ಹೊರಡು, ಎರಡು ದಿನ ಹಾಳಾಯಿತು ಅಂತ.

ಹೈವೇಯಲ್ಲಿ ಲಾರಿ ಅಪಘಾತ ಆದಾಗ ನಾವೆಲ್ಲ ಡ್ರೈವರ್ ಕುಡಿದಿದ್ದನೇ, ನಿದ್ದೆಗೆ ಜಾರಿದನೇ ಅಂತ ಕೇಳುತ್ತೇವೆ. ಅವನು ಹಿಂದಿನ ಎರಡು ರಾತ್ರಿ ಎಲ್ಲಿದ್ದ ಅಂತ ಯಾರೂ ಕೇಳುವುದಿಲ್ಲ. ಡೀಸೆಲ್ ದರ ಏರಲಿ, ಕಂತು ತಡವಾಗಲಿ, ಗೇಟಿನಲ್ಲಿ ಲಾರಿ ನಿಲ್ಲಲಿ, ಈ ಉದ್ಯಮದ ನಷ್ಟವೆಲ್ಲ ಕೊನೆಗೆ ಡ್ರೈವರ್ ನಿದ್ದೆಯಲ್ಲೇ ವಸೂಲಾಗುತ್ತದೆ. ಇದು ನಾನು ಮನೆಯಲ್ಲೂ ನೋಡಿದ್ದು, ಕೆಲಸದಲ್ಲೂ ನೋಡಿದ್ದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಹೊಸಪೇಟೆ ಕಡೆ. ಆಗ ನಮ್ಮೂರೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. 2008ರ ಹೊತ್ತಿಗೆ ಅದಿರಿನ ಲಾರಿ ಇಲ್ಲದ ಓಣಿಯೇ ನಮ್ಮಲ್ಲಿ ಇರಲಿಲ್ಲ. ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ಆ ವರ್ಷಗಳಲ್ಲಿ ಚೀನಾಕ್ಕೆ ಎಷ್ಟು ಅದಿರು ಕಳಿಸಿದರೂ ಸಾಲುತ್ತಿರಲಿಲ್ಲ. ಸಂಡೂರಿನ ಬೆಟ್ಟದಿಂದ ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿನವರೆಗೆ ಹಗಲು ರಾತ್ರಿ ಲಾರಿ ಸಾಲು. ನಮ್ಮ ಅಂಗಳದ ತುಳಸಿ ಗಿಡದ ಎಲೆಯೂ ಕೆಂಪಾಗಿರುತ್ತಿತ್ತು. ಅಪ್ಪ ಎರಡು ಎಕರೆ ಹೊಲ ಅಡ ಇಟ್ಟು, ಉಳಿದದ್ದಕ್ಕೆ ಫೈನಾನ್ಸ್ ಸಾಲ ಮಾಡಿ ಹತ್ತು ಚಕ್ರದ ಲಾರಿ ತಂದರು. ತಿಂಗಳಿಗೆ 39 ಸಾವಿರ ಕಂತು. ಲಾರಿ ಮನೆ ಮುಂದೆ ಬಂದು ನಿಂತ ದಿನ ಅವ್ವ ಗಾಲಿಗೆ ನಿಂಬೆಹಣ್ಣು ಇಟ್ಟು ಆರತಿ ಮಾಡಿದ್ದು ನನಗೆ ಇನ್ನೂ ನೆನಪಿದೆ.

ಎರಡು ವರ್ಷ ಕಂತು ತಪ್ಪಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಬಾಡಿಗೆ ಅರ್ಧಕ್ಕೆ ಇಳಿಯಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಆ ಆದೇಶ ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ. ಬೆಟ್ಟಗಳನ್ನು ಹೇಗೆ ಬಗೆದು ಹಾಕಿದರು ಅಂತ ನಾವೇ ಕಣ್ಣಾರೆ ನೋಡಿದ್ದೇವೆ. ನಿಲ್ಲಿಸಲೇಬೇಕಿತ್ತು. ಆದರೆ ಅದಿರಿನಲ್ಲಿ ಕೋಟಿಗಟ್ಟಲೆ ಮಾಡಿಕೊಂಡವರು ಬೇರೆ, ಒಂದೇ ಒಂದು ಲಾರಿ ಇಟ್ಟುಕೊಂಡು ಬಾಡಿಗೆ ಹೊಡೆದವರು ಬೇರೆ. ಲಾರಿ ಮನೆ ಮುಂದೆ ನಿಂತರೂ ಕಂತು ನಿಲ್ಲಲಿಲ್ಲ. ಆಗ ಹೊಸಪೇಟೆ, ಸಂಡೂರು ರಸ್ತೆಯ ಖಾಲಿ ಜಾಗಗಳಲ್ಲಿ ತುಕ್ಕು ಹಿಡಿದು ನಿಂತ ಲಾರಿಗಳನ್ನು ನೋಡಿದವರು ಇದನ್ನು ಓದುತ್ತಿದ್ದರೆ ಅವರಿಗೆ ಜಾಸ್ತಿ ಹೇಳಬೇಕಾಗಿಲ್ಲ.

ಅಪ್ಪ ಸುಮ್ಮನೆ ಕೂರಲಿಲ್ಲ. ಭತ್ತ, ಮೆಕ್ಕೆಜೋಳ, ಸಿಮೆಂಟ್, ಸಿಕ್ಕಿದ ಲೋಡ್ ಹಾಕಿಕೊಂಡು ಓಡಾಡಿದರು. ಆರು ಕಂತು ಬಾಕಿ ಬಿತ್ತು. 2012ರ ಮಾರ್ಚ್‌ನಲ್ಲಿ ಚಿತ್ರದುರ್ಗದ ಹತ್ತಿರ ಒಂದು ಢಾಬಾದಲ್ಲಿ ಊಟ ಮಾಡಿ ಮಲಗಿದ್ದಾಗ ಸೀಜ್ ಮಾಡುವವರು ಬಂದು ಎಬ್ಬಿಸಿ ಕೀ ತಗೊಂಡರು. ಅಪ್ಪ ಬಸ್ಸಿನಲ್ಲಿ ಮನೆಗೆ ಬಂದರು. ಕೈಯಲ್ಲಿ ಸ್ಟವ್ ಇತ್ತು, ಅನ್ನದ ಪಾತ್ರೆ ಇತ್ತು, ಸುತ್ತಿದ ಹಾಸಿಗೆ ಇತ್ತು. ಅವತ್ತು ಅವ್ವ ಏನೂ ಕೇಳಲಿಲ್ಲ. ಮುಂದಿನ ತಿಂಗಳಿಂದ ಅಪ್ಪ ಬೇರೆಯವರ ಲಾರಿಗೆ ಡ್ರೈವರ್ ಆದರು. ಮೂರು ವರ್ಷ ಆದಮೇಲೆ ಹೊಲವೂ ಹೋಯಿತು.

ಡಿಗ್ರಿ ಮುಗಿಸಿ ನಾನು ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಮೂರು ವರ್ಷ ಎಲ್‌ಆರ್, ಅಂದರೆ ಮಾಲಿನ ಜೊತೆ ಹೋಗುವ ಲಾರಿ ರಸೀದಿ ಬರೆಯುವ, ಲೆಕ್ಕ ಇಡುವ ಕೆಲಸ ಮಾಡಿದೆ. ಅಪ್ಪ ಕಂಡ ಕಷ್ಟವನ್ನು ನಾನು ಅಲ್ಲಿ ಅಂಕಿಯಲ್ಲಿ ಕಂಡೆ. ನಾವು ಬರೆಯುತ್ತಿದ್ದ ಪುಸ್ತಕದಲ್ಲಿ ಬಾಡಿಗೆಯ ಅರ್ಧದಷ್ಟು ಡೀಸೆಲ್‌ಗೇ ಹೋಗುತ್ತಿತ್ತು. ಆಮೇಲೆ ಟೋಲ್, ಏಜೆಂಟ್ ಕಮಿಷನ್, ಹಮಾಲಿ, ಟಯರ್ ಸವೆತ, ದಾರಿಯ ಮಾಮೂಲಿ. ಇವೆಲ್ಲ ಆದಮೇಲೆ ಕಂತು. ದೊಡ್ಡ ಲಾರಿಗಳಿಗೆ ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸೇ 2022ರ ದರದಲ್ಲಿ ವರ್ಷಕ್ಕೆ 44 ಸಾವಿರ ಆಗುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ.

ಬಾಡಿಗೆ ದುಡ್ಡಾದರೂ ಒಟ್ಟಿಗೆ ಬರುತ್ತದಾ? ಇಲ್ಲ. ಲೋಡ್ ಆದ ದಿನ ಒಂದಿಷ್ಟು ಅಡ್ವಾನ್ಸ್ ಕೊಡುತ್ತಾರೆ. ಬ್ಯಾಲೆನ್ಸ್ ಬರಬೇಕಾದರೆ ಮಾಲು ಇಳಿಸಿಕೊಂಡವರು ಸಹಿ, ಸೀಲ್ ಹಾಕಿದ ಎಲ್‌ಆರ್ ಕಾಪಿ ವಾಪಸ್ ಬರಬೇಕು. ಅದು ಬಂದಮೇಲೂ ಒಂದು ತಿಂಗಳು, ಎರಡು ತಿಂಗಳು. ಬ್ಯಾಲೆನ್ಸ್ ಕೇಳಿಕೊಂಡು ಬಂದ ಓನರ್‌ಗಳಿಗೆ ಇನ್ನೂ ಪಾರ್ಟಿ (ಲಾರಿ ಬಾಡಿಗೆಗೆ ಹಿಡಿದ ಮಾಲಿನವರು) ಕೊಟ್ಟಿಲ್ಲ ಅಂತ ನಾನೇ ಎಷ್ಟು ಸಲ ಹೇಳಿ ಕಳಿಸಿದ್ದೇನೋ. ಅವರು ಏನೂ ಅನ್ನದೆ ಹೋಗುತ್ತಿದ್ದರು. ಜಗಳ ಮಾಡಿದರೆ ಮುಂದಿನ ಲೋಡ್ ಸಿಗುವುದಿಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಡೀಸೆಲ್‌ಗೆ ಕೈಮೇಲೆ ಕಾಸು, ಟೋಲ್‌ಗೆ ಫಾಸ್ಟ್‌ಟ್ಯಾಗ್‌ನಲ್ಲಿ ಮೊದಲೇ ದುಡ್ಡು, ಕಂತು ತಾರೀಕಿಗೆ ಸರಿಯಾಗಿ. ದುಡಿದ ದುಡ್ಡು ಮಾತ್ರ ಯಾವಾಗಲೋ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳು ಹೊರಬಹುದಾದ ಭಾರದ ಮಿತಿ ಏರಿಸಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್‌ನಿಂದ 28.5 ಟನ್ ಆಯಿತು. ಜಾಸ್ತಿ ಹಾಕಬಹುದಲ್ಲ, ಒಳ್ಳೆಯದೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಆದರೆ ದೇಶದಲ್ಲಿ ಇದ್ದ ಲಾರಿಗಳೆಲ್ಲ ಒಂದೇ ಸಲಕ್ಕೆ ದೊಡ್ಡದಾದಂತೆ ಆಯಿತು, ಮಾಲು ಇದ್ದಷ್ಟೇ ಇತ್ತು. ಮೊದಲು ಹತ್ತು ಲಾರಿ ಬೇಕಾದ ಕಡೆ ಎಂಟು ಸಾಕಾಯಿತು. ಖಾಲಿ ನಿಂತವರು ಕಡಿಮೆ ಬಾಡಿಗೆಗೂ ಒಪ್ಪಿಕೊಂಡರು. ಆ ಪೆಟ್ಟಿನಿಂದ ಏಳುವ ಹೊತ್ತಿಗೆ ಕೊರೊನಾ ಬಂತು. 2020ರಲ್ಲಿ ಆರು ತಿಂಗಳು ಕಂತು ಮುಂದೂಡಲು ಆರ್‌ಬಿಐ ಅವಕಾಶ ಕೊಟ್ಟಿತು, ಆದರೆ ಬಡ್ಡಿ ಓಡುತ್ತಲೇ ಇತ್ತು.

ಆಮೇಲೆ ನಮ್ಮ ರಾಜ್ಯದ ಡೀಸೆಲ್ ತೆರಿಗೆ. 2024ರ ಜೂನ್‌ನಲ್ಲಿ ಒಮ್ಮೆ ಏರಿಸಿದರು, ಲೀಟರಿಗೆ 3 ರೂಪಾಯಿ ಹೆಚ್ಚಾಯಿತು. 2025ರ ಏಪ್ರಿಲ್ 1ಕ್ಕೆ ಮಾರಾಟ ತೆರಿಗೆಯನ್ನು 21.17 ಪರ್ಸೆಂಟ್‌ಗೆ ಏರಿಸಿದರು, ಇನ್ನೆರಡು ರೂಪಾಯಿ. ಹತ್ತು ತಿಂಗಳೊಳಗೆ 5 ರೂಪಾಯಿ. ಕಾರಿನವರಿಗೆ ಇದು ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ. ಬೆಂಗಳೂರಿನಿಂದ ಮುಂಬೈಗೆ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಲಾರಿಗೆ 250 ಲೀಟರ್ ಬೇಕು. ತಿಂಗಳಿಗೆ ನಾಲ್ಕು ಸಲ ಹೋಗಿ ಬಂದರೆ 2,000 ಲೀಟರ್. ಅಷ್ಟನ್ನೂ ಇಲ್ಲೇ ಹಾಕಿಸಿದರೆ ತಿಂಗಳಿಗೆ 10 ಸಾವಿರ ರೂಪಾಯಿ ಜಾಸ್ತಿ. ಬಾಡಿಗೆಯಲ್ಲಿ ಅದನ್ನು ಕೇಳಿದರೆ ಪಾರ್ಟಿ ಬೇರೆ ಲಾರಿ ನೋಡಿಕೊಳ್ಳುತ್ತಾರೆ.

ಹಾಗಾದರೆ ಆ 10 ಸಾವಿರ ಎಲ್ಲಿಂದ ಬರಬೇಕು? ಪಂಪಿನವರು ಬಿಡುವುದಿಲ್ಲ, ಟೋಲಿನವರು ಬಿಡುವುದಿಲ್ಲ, ಫೈನಾನ್ಸಿನವರು ಕೇಳುವುದೇ ಇಲ್ಲ. ಕಡಿಮೆ ಮಾಡಿಕೋ ಅಂತ ಹೇಳಬಹುದಾದ ಮನುಷ್ಯ ಒಬ್ಬನೇ, ಸ್ಟೀರಿಂಗ್ ಹಿಡಿದವನು.

ಮೊದಲು ಹೋದದ್ದು ಕ್ಲೀನರ್. ಅಪ್ಪನ ಕಾಲದಲ್ಲಿ ಕ್ಲೀನರ್ ಇಲ್ಲದೆ ಲಾರಿ ಹೊರಡುತ್ತಿರಲಿಲ್ಲ. ಈಗ ಎಷ್ಟೋ ಲಾರಿಗಳಲ್ಲಿ ಡ್ರೈವರ್ ಒಬ್ಬನೇ. ಕ್ಲೀನರ್ ಹೋದಮೇಲೆ ಅವನ ಕೆಲಸವೆಲ್ಲ ಡ್ರೈವರ್ ಮೇಲೆ ಬಿತ್ತು. ತಾಡಪಾಲು ಕಟ್ಟುವುದು, ಟಯರ್ ತಟ್ಟಿ ನೋಡುವುದು, ಪಂಕ್ಚರ್ ಆದರೆ ಜಾಕ್ ಏರಿಸುವುದು, ಅಡುಗೆ, ರಾತ್ರಿ ಕಾವಲು, ಘಾಟಿಯಲ್ಲಿ ಎಡಗಡೆ ಎಷ್ಟು ಜಾಗ ಇದೆ ಅಂತ ನೋಡುವುದು ಎಲ್ಲವೂ. ಮಧ್ಯರಾತ್ರಿ ಕಣ್ಣು ಎಳೆದಾಗ ಮಾತಾಡಿಸಿ ಎಚ್ಚರ ಇಡುವವರೂ ಇಲ್ಲ. ಅಣ್ಣ ಅದಕ್ಕೇ ಆ ಹೊತ್ತಿನಲ್ಲಿ ನನಗೆ ಫೋನ್ ಮಾಡುವುದು. ಇನ್ನೊಂದು ಮಾತು. ಕ್ಲೀನರ್ ಕೆಲಸವೇ ಡ್ರೈವಿಂಗ್ ಸ್ಕೂಲ್ ಆಗಿತ್ತು. ಅಣ್ಣ ಕಲಿತದ್ದೂ ಹಾಗೇ, ಮೂರು ವರ್ಷ ಪಕ್ಕದ ಸೀಟಿನಲ್ಲಿ ಕೂತು. ಡ್ರೈವರ್ ಸಿಗುತ್ತಿಲ್ಲ, ಹುಡುಗರು ಬರುತ್ತಿಲ್ಲ ಅಂತ ಈಗ ಓನರ್‌ಗಳು ಗೋಳಾಡುತ್ತಾರೆ. ಎಲ್ಲಿಂದ ಬರುತ್ತಾರೆ? ಕಲಿಯುವ ಸೀಟು ತೆಗೆದವರು ನಾವೇ. ಬಂದರೂ ಯಾವ ಧೈರ್ಯದ ಮೇಲೆ ಬರಬೇಕು, ಡ್ರೈವರ್ ಅಂದರೆ ಹೆಣ್ಣು ಕೊಡಲೂ ಹಿಂದೆ ಮುಂದೆ ನೋಡುತ್ತಾರೆ.

ಕ್ಲೀನರ್ ಹೋದಮೇಲೆ ಬಂದದ್ದು ಕಡಿತಗಳು. ನಾನೇ ಆ ಲೆಕ್ಕ ಬರೆದಿದ್ದೇನೆ, ಅದಕ್ಕೆ ನಾಚಿಕೆಯೂ ಇದೆ. ಎರಡು ಚೀಲ ಸಿಮೆಂಟ್ ಕಡಿಮೆ ಬಂದರೆ ಡ್ರೈವರ್ ಲೆಕ್ಕಕ್ಕೆ. ಹೇಳಿದ ಮೈಲೇಜ್‌ಗಿಂತ ಡೀಸೆಲ್ ಜಾಸ್ತಿ ಕುಡಿದರೆ ಡ್ರೈವರ್ ಲೆಕ್ಕಕ್ಕೆ, ಟ್ರಾಫಿಕ್‌ನಲ್ಲಿ ನಾಲ್ಕು ಗಂಟೆ ನಿಂತಿದ್ದ ಅಂದರೂ ಕೇಳುವವರಿಲ್ಲ. ಆನ್‌ಲೈನ್ ಫೈನ್ ಬಂದರೆ ಡ್ರೈವರ್ ಲೆಕ್ಕಕ್ಕೆ. ತಿಂಗಳ ಕೊನೆಗೆ 18 ಸಾವಿರ ಅಂದುಕೊಂಡದ್ದು 13 ಆಗಿರುತ್ತಿತ್ತು. ಊರಿಂದ ಹೆಂಡತಿ ಫೋನ್ ಮಾಡಿ ಮಕ್ಕಳ ಫೀಸ್ ಕೇಳುತ್ತಿರುತ್ತಾಳೆ. ಆಗ ಅವನಿಗೆ ಇರುವ ದಾರಿ ಇನ್ನೊಂದು ಟ್ರಿಪ್ ಜಾಸ್ತಿ ಹೊಡೆಯುವುದು. ಅದಕ್ಕೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿಯ ಆನ್‌ಲೈನ್ ಪರವಾನಗಿ ಚೀಟಿ ಕೂಡ ಹಿಂದಿನಿಂದ ತಳ್ಳುತ್ತದೆ. 2021ರಿಂದ ದಿನಕ್ಕೆ 200 ಕಿಲೋಮೀಟರ್ ಲೆಕ್ಕದಲ್ಲಿ ಅದರ ಅವಧಿ ಕಟ್ಟುತ್ತಾರೆ. ಲೋಡ್ ಮಾಡುವ ಕಡೆಯೇ ಒಂದು ದಿನ ಕಾಯಿಸಿದರೆ ಆ ದಿನವನ್ನು ರಸ್ತೆಯಲ್ಲಿ ಓಡಿ ತುಂಬಿಸಬೇಕು.

ಡ್ರೈವರ್‌ಗಳಿಗೆ ದಿನಕ್ಕೆ 8 ಗಂಟೆ ಕೆಲಸ ಅಂತ 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಿತ್ತು. ಆದರೆ ಐದು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಗೆ ಆ ಕಾಯ್ದೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದು ಲಾರಿ, ಎರಡು ಲಾರಿ ಇಟ್ಟುಕೊಂಡವರೇ ಜಾಸ್ತಿ ಇರುವ ಉದ್ಯಮದಲ್ಲಿ ಅದು ಎಷ್ಟು ಜನರಿಗೆ ತಲುಪಿರಬಹುದು, ಯೋಚನೆ ಮಾಡಿ. 2025ರ ಅಕ್ಟೋಬರ್‌ನಿಂದ ತಯಾರಾಗುವ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ, ಅದು ನಿಜವಾಗಿ ಒಳ್ಳೆಯ ಕೆಲಸ. ಅಣ್ಣ ಓಡಿಸುವುದು ಹಳೆಯ ಲಾರಿ. ಅವನಿಗೆ ಆ ಗಾಳಿ ಸಿಗಲು ಇನ್ನೂ ವರ್ಷಗಳೇ ಬೇಕು.

2025ರ ಏಪ್ರಿಲ್ 14ರ ಮಧ್ಯರಾತ್ರಿಯಿಂದ ರಾಜ್ಯದಲ್ಲಿ ಲಾರಿ ಮುಷ್ಕರ ಆಯಿತಲ್ಲ, ನಾನು ಮನಸ್ಸಿನಿಂದ ಬೆಂಬಲಿಸಿದ್ದೆ. ಡೀಸೆಲ್ ದರ ಇಳಿಸಿ, ರಾಜ್ಯ ಹೆದ್ದಾರಿ ಟೋಲ್ ತೆಗೆಯಿರಿ, ಗಡಿಯ ಆರ್‌ಟಿಒ ಚೆಕ್‌ಪೋಸ್ಟ್ ಮುಚ್ಚಿ ಅಂತ ಕೇಳಿದ್ದರು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಮೂರೇ ದಿನಕ್ಕೆ ಮುಗಿಯಿತು. ಆದರೆ ಪೇಪರ್‌ನಲ್ಲಿ ಆ ಬೇಡಿಕೆಗಳನ್ನು ಓದುವಾಗ ನಾನು ಹುಡುಕಿದ್ದು ಡ್ರೈವರ್ ಕೂಲಿ, ಕಾಯುವ ಹೊತ್ತಿನ ದುಡ್ಡು. ನಾನು ಓದಿದ್ದರಲ್ಲಿ ಎಲ್ಲೂ ಅದು ಕಾಣಲಿಲ್ಲ. ಓನರ್‌ಗಳ ಮೇಲೆ ನನಗೆ ಸಿಟ್ಟಿಲ್ಲ, ನಮ್ಮಪ್ಪನೂ ಓನರ್ ಆಗಿದ್ದವರೇ. ಆದರೆ ನಾಳೆ ಡೀಸೆಲ್ 5 ರೂಪಾಯಿ ಇಳಿದರೂ ಪುಣೆ ಗೇಟಿನಲ್ಲಿ ನಿಂತವನಿಗೆ ಎರಡು ರಾತ್ರಿ ನಿದ್ದೆ ವಾಪಸ್ ಬರುವುದಿಲ್ಲ. ಬಾಡಿಗೆ ಜಾಸ್ತಿ ಕೊಡಿ ಅಂತ ಪಾರ್ಟಿಯನ್ನು ಕೇಳಲು ಭಯವಾದರೆ, ಲಾರಿ ನಿಲ್ಲಿಸಿಕೊಂಡ ಹೊತ್ತಿಗಾದರೂ ದುಡ್ಡು ಕೊಡಿ ಅಂತ ಎಲ್ಲರೂ ಸೇರಿ ಕೇಳಬಹುದಲ್ವಾ?

ಕೇಳಲು ಒಂದು ದಾಖಲೆ ಬೇಕು. ಅಲ್ಲೇ ನಾವು ಸೋಲುವುದು. ಹಾಲ್ಟಿಂಗ್ ಚಾರ್ಜ್, ಅಂದರೆ ಲಾರಿ ಕಾಯಿಸಿದ್ದಕ್ಕೆ ದುಡ್ಡು ಕೇಳಿ ನಾನು ಪಾರ್ಟಿಗಳಿಗೆ ಬಿಲ್ ಹಾಕಿದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ, ನಿಮ್ಮ ಲಾರಿ ಯಾವಾಗ ಬಂತು ಅಂತ ಪ್ರೂಫ್ ಏನಿದೆ? ಎಲ್‌ಆರ್ ಮೇಲೆ ಮಾಲು ಇಳಿಸಿದ ತಾರೀಕು ಮಾತ್ರ ಇರುತ್ತಿತ್ತು. ಗೇಟಿಗೆ ಬಂದ ತಾರೀಕು, ಟೈಮ್ ಇರುತ್ತಿರಲಿಲ್ಲ. ಸೆಕ್ಯೂರಿಟಿಯವರ ರಿಜಿಸ್ಟರ್‌ನಲ್ಲಿ ಇರುತ್ತದೆ, ಆದರೆ ಅದು ಅವರ ಹತ್ತಿರವೇ ಉಳಿಯುತ್ತದೆ. ಎಷ್ಟೋ ಕಡೆ ಲಾರಿ ಒಳಗೆ ಹೋದಮೇಲೆಯೇ ಎಂಟ್ರಿ ಮಾಡುತ್ತಾರೆ, ಹೊರಗೆ ರಸ್ತೆಯಲ್ಲಿ ಕಾದ ಎರಡು ದಿನ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ನನ್ನ ಫ್ರೆಂಡ್ ಲಿಸ್ಟ್‌ನಲ್ಲಿ ಫ್ಯಾಕ್ಟರಿ ಸ್ಟೋರ್ಸ್‌ನಲ್ಲಿ ಇರುವವರಿದ್ದೀರಿ, ಗೋಡೌನ್ ನೋಡಿಕೊಳ್ಳುವವರಿದ್ದೀರಿ, ಎಪಿಎಂಸಿಯಲ್ಲಿ ಅಂಗಡಿ ಇರುವವರಿದ್ದೀರಿ. ನಿಮ್ಮನ್ನು ಕೈಮುಗಿದು ಕೇಳುತ್ತೇನೆ. ಲಾರಿ ನಿಮ್ಮ ಗೇಟಿಗೆ ಬಂದ ತಕ್ಷಣ ಎಲ್‌ಆರ್ ಹಿಂದೆ ತಾರೀಕು, ಟೈಮ್ ಬರೆದು ಒಂದು ಸೀಲ್ ಹಾಕಿ ಕೊಡಿ. ಡ್ರೈವರ್ ಒಳಗಿನ ಶೌಚಾಲಯ ಬಳಸಲಿ, ಬಾಟಲಿ ತುಂಬಿಸಿಕೊಳ್ಳಲಿ. ಟೋಕನ್ ಕೊಟ್ಟು ಇಂಥ ಹೊತ್ತಿಗೆ ಕರೆಯುತ್ತೇವೆ ಅಂತ ಹೇಳಿದರೆ ಅಷ್ಟು ಹೊತ್ತು ಅವನು ಮಲಗುತ್ತಾನೆ. ಡ್ರೈವರ್ ಅಣ್ಣಂದಿರು ಯಾರಾದರೂ ಓದುತ್ತಿದ್ದರೆ, ಗೇಟಿಗೆ ಬಂದ ಕೂಡಲೇ ಫ್ಯಾಕ್ಟರಿಯ ಬೋರ್ಡ್ ಕಾಣುವ ಹಾಗೆ ಲಾರಿಯ ಒಂದು ಫೋಟೋ ತೆಗೆದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ವಾಟ್ಸ್ಆಪ್ ಮಾಡಿ. ಫೋಟೋ ಕಳಿಸಿದ ಟೈಮ್ ಅದರಲ್ಲೇ ಇರುತ್ತದೆ. ನಾನು ಕೆಲಸ ಬಿಡುವ ಹೊತ್ತಿಗೆ ಹೀಗೆ ಫೋಟೋ ತರಿಸಿ ಮೂರು ಬಿಲ್‌ಗಳಿಗೆ ಹಾಲ್ಟಿಂಗ್ ದುಡ್ಡು ಹಾಕಿಸಿಕೊಟ್ಟಿದ್ದೆ.

ಅಣ್ಣನಿಗೂ ಮೊನ್ನೆ ಹಾಗೇ ಹೇಳಿದೆ. ನಿನ್ನೆ ಮಧ್ಯಾಹ್ನ ಮಾಲು ಇಳಿಯಿತಂತೆ. ಈಗ ಕೊಲ್ಹಾಪುರ ದಾಟಿದ್ದಾನೆ. ನಿಪ್ಪಾಣಿ ಬಂದಮೇಲೆ ಗಾಡಿ ಸೈಡಿಗೆ ಹಾಕಿ ನಾಲ್ಕು ಗಂಟೆ ಮಲಗು, ಓನರ್ ಫೋನ್ ಮಾಡಿದರೆ ನನಗೆ ಮಾಡಲು ಹೇಳು ಅಂದಿದ್ದೇನೆ.