ಬದುಕಿದ್ದೀನಿ ಅನ್ನೋಕೂ ಒಟಿಪಿ ಬೇಕು

2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸುಮಾರು 11.41 ಲಕ್ಷ ಜನ ಇದ್ದರು. 2011ಕ್ಕೆ ಅದು 11.38 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಜಾಸ್ತಿ ಏರಿತ್ತು. ಹುಡುಗರು ಬೆಂಗಳೂರು ಸೇರಿದರು, ತೋಟ ಅಪ್ಪ ಅಮ್ಮನ ತಲೆಗೆ ಬಂತು. ಈಗ ಎಷ್ಟೋ ಊರಲ್ಲಿ ಯುವಕ ಸಂಘದ ಅಧ್ಯಕ್ಷರಿಗೇ ಮಂಡಿನೋವು.

ಸರ್ಕಾರ ಇದನ್ನು ಗಮನಿಸಿಲ್ಲ ಅನ್ನೋ ಹಾಗಿಲ್ಲ. ಗಮನಿಸಿಯೇ ಎಲ್ಲವನ್ನೂ ಮೊಬೈಲಿಗೆ ಹಾಕಿದೆ.

ಅಡಿಕೆ ಸುಲಿದೂ ಸುಲಿದೂ ಬೆರಳಿನ ಗೆರೆ ಸವೆದ ಅಜ್ಜಿ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಮಿಷನ್ ಒಪ್ಪುವುದಿಲ್ಲ. "ಸೆರಗಿಗೆ ಒರೆಸ್ಕೊಂಡು ಇನ್ನೊಂದ್ಸಲ ಒತ್ತಿ ಅಜ್ಜಿ." ಒರೆಸಿದ್ದಾಯಿತು, ತೋರುಬೆರಳಾಯಿತು, ಎಡಗೈಯೂ ಆಯಿತು. ಅಂಗಡಿಯವನಿಗೆ ಅಜ್ಜಿ ಗೊತ್ತು, ಅಜ್ಜಿಯ ಅತ್ತೆಯೂ ಗೊತ್ತಿದ್ದರು, ಮಿಷನ್ನಿಗೆ ಮಾತ್ರ ಗುರುತು ಸಿಗುತ್ತಿಲ್ಲ. ಸರಿ, ಒಟಿಪಿ ತರಿಸೋಣ ಅಂದರೆ ಅದು ಹೋಗುವುದು ಮಗನ ನಂಬರಿಗೆ, ಮಗ ವೈಟ್‌ಫೀಲ್ಡಿನಲ್ಲಿ ಮೀಟಿಂಗಲ್ಲಿ, ಅವನು ನೋಡಿ ವಾಪಸ್ ಫೋನ್ ಮಾಡುವಷ್ಟರಲ್ಲಿ ಇಲ್ಲಿ ಕರೆಂಟು ಹೋಗಿರುತ್ತದೆ, ಕರೆಂಟಿನ ಹಿಂದೆಯೇ ಟವರೂ.

ನವೆಂಬರ್ ಬಂತೆಂದರೆ ಪಿಂಚಣಿದಾರರ ಸರದಿ. ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಸಾಬೀತು ಮಾಡಬೇಕು. ಬ್ಯಾಂಕಿಗೇ ಹೋಗಬಹುದು, ಬಸ್ಸು ಬಂದರೆ. ಇಲ್ಲವಾದರೆ 2021ರಿಂದ ಫೋನಿಗೆ ಮುಖ ತೋರಿಸಿದರೂ ಸಾಕು, ಆದರೆ ಕಣ್ಣು ಮಿಟುಕಿಸಬೇಕು. ಹಾಗಾಗಿ ಜೀವಮಾನವಿಡೀ ಊರಿಗೆಲ್ಲ ಕಾಗದ ಹಂಚಿಸಿ ರಿಟೈರಾದ ಪೋಸ್ಟ್ ಮಾಸ್ಟರು, ಪೊರೆಯ ಆಪರೇಷನ್ ಆದ ಕಣ್ಣಿಟ್ಟುಕೊಂಡು, ಸಿಗ್ನಲ್ ಸಿಗುವ ಗುಡ್ಡ ಹತ್ತಿ ಫೋನಿಗೆ ಕಣ್ಣು ಹೊಡೆಯುತ್ತಾ ನಿಂತಿರುತ್ತಾರೆ. ಹೆಂಡತಿಗೂ ಹಾಗೆ ಕಣ್ಣು ಹೊಡೆದವರಲ್ಲ, ಪಾಪ. ಆ ವಯಸ್ಸಿನಲ್ಲಿ ಆ ಗುಡ್ಡ ಹತ್ತಿದ್ದೇ ಸಾಕ್ಷಿ ಅಲ್ವಾ? ಇನ್ನೇನು ಬೇಕು?

ಈಗ 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಬಂದು ನಿಂತಿದೆ. ಪೂರ್ತಿ ಡಿಜಿಟಲ್. ಮನೆಯವರೇ ವಿವರ ತುಂಬಿಕೊಳ್ಳಬಹುದು, ಅಂದರೆ ಅಜ್ಜಿ ತನ್ನನ್ನು ತಾನೇ ಎಣಿಸಿಕೊಳ್ಳಬಹುದು. ಎಣಿಸುವವರು ಮನೆಗೂ ಬರುತ್ತಾರಂತೆ. ಬರುವುದಾದರೆ ಭಾನುವಾರ ಬನ್ನಿ ಸ್ವಾಮಿ. ಅವತ್ತು ಊರ ತುಂಬಾ ಯುವಜನ. ಎಲ್ಲ ಹೋಂಸ್ಟೇಗೆ ಬಂದವರು. ಅವರಿಗೂ ನೆಟ್‌ವರ್ಕ್ ಸಿಗುವುದಿಲ್ಲ, ಆದರೆ ಅದಕ್ಕೇ ದುಡ್ಡು ಕೊಟ್ಟು ಬಂದಿರುತ್ತಾರೆ.