ಆ ಪುಕ್ಕಟೆ ಪಟ್ಟಿಯನ್ನು ಮೊದಲು ಹುಡುಗರ ಕೈಗೆ ಕೊಡಿ

ನಿನ್ನೆ ಮಧ್ಯಾಹ್ನ ಇಂಟರ್‌ವ್ಯೂಗೆ ಬಂದಿದ್ದ ಹುಡುಗನ ಮುಖ ಇನ್ನೂ ಕಣ್ಣ ಮುಂದಿದೆ. ಸಿಟ್ಟು ಇಳಿಯಲಿ ಅಂತ ರಾತ್ರಿ ಏನೂ ಬರೆಯಲಿಲ್ಲ. ಬೆಳಗ್ಗೆ ಎದ್ದರೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ. ಉದ್ದ ಆಗುತ್ತೆ, ಓದಿ.

ನನ್ನ ಕೆಲಸ ನಿಮಗೆಲ್ಲ ಗೊತ್ತಿರೋದೇ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಕ್ಯಾಬಿನೆಟ್ ಧೂಳು ಊದೋದರಿಂದ ಶುರು ಮಾಡಿದವನು, ಈಗ ಒಂದಿಷ್ಟು ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳೋ ತಂಡ ನಡೆಸ್ತೀನಿ. ಹೊಸ ಹುಡುಗರನ್ನ ತಗೊಳ್ಳುವಾಗ ನಾನೇ ಎದುರು ಕೂತು ಮಾತಾಡಿಸ್ತೀನಿ. ಎಲ್ಲರಿಗೂ ಒಂದು ಪ್ರಶ್ನೆ ಕೇಳೇ ಕೇಳ್ತೀನಿ. ಯಾಕೆ ಅಂತ ಕೆಳಗೆ ಹೇಳ್ತೀನಿ.

ಹುಡುಗ ಬ್ಯಾಡಗಿ ಕಡೆಯವನು. ಡಿಪ್ಲೊಮಾ ಮುಗಿಸಿ, ಇಲ್ಲೇ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಕಾಂಪ್‌ಟಿಯಾ ಎ ಪ್ಲಸ್ ಕೋರ್ಸು ಮಾಡಿದ್ದಾನೆ. ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಸಿಗೋ ಸರ್ಟಿಫಿಕೇಟ್ ಅದು, ಎರಡು ಪರೀಕ್ಷೆ ಪಾಸಾಗಬೇಕು. ಮುಂದಿನ ತಿಂಗಳು ಪರೀಕ್ಷೆ ಬರೀಬೇಕು ಅಂತಿದ್ದ. "ಒಂದು ಸಿಸ್ಟಮ್‌ಗೆ 169.254ರಿಂದ ಶುರುವಾಗೋ ಐಪಿ ಬಂದಿದೆ. ಏನಪ್ಪಾ ಅರ್ಥ?" ಅಂದೆ. ನನ್ನ ಮಾತು ಮುಗಿಯೋ ಮೊದಲೇ, "ಎಪಿಪಾ ರೀ ಸರ" ಅಂದ. ಐಪಿ ಅಂದರೆ ನೆಟ್‌ವರ್ಕಿನಲ್ಲಿ ಸಿಸ್ಟಮ್‌ನ ವಿಳಾಸ, ಇಂಥ ವಿಳಾಸಕ್ಕೆ ಎಪಿಪಾ ಅಂತ ಹೆಸರು. "ಸರಿ. ಈಗ ನೀನು ಆ ಸಿಸ್ಟಮ್ ಮುಂದೆ ಕೂತಿದ್ದೀಯ. ಏನು ಮಾಡ್ತೀಯ?"

ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು, "ಆಪ್ಶನ್ ಕೊಡ್ರಿ ಸರ" ಅಂದ.

ತಮಾಷೆಗೆ ಹೇಳಿದ್ದಲ್ಲ ಅವನು. ನಿಜವಾಗಿಯೂ ನಾಲ್ಕು ಆಪ್ಶನ್‌ಗೆ ಕಾಯ್ತಾ ಇದ್ದ.

"ಏನು ಓದಿದೀಯ, ತೋರಿಸು ತಮ್ಮಾ" ಅಂದಾಗ ಬ್ಯಾಗಿನಿಂದ ಸ್ಪೈರಲ್ ಬೈಂಡ್ ಮಾಡಿಸಿದ ಒಂದು ದಪ್ಪ ಕಟ್ಟು ತೆಗೆದ. ಪ್ರಶ್ನೆ, ನಾಲ್ಕು ಉತ್ತರ, ಸರಿಯಾದದ್ದರ ಮೇಲೆ ಹಳದಿ ಗೆರೆ. ಅದು ಯಾಕೆ ಸರಿ, ಉಳಿದ ಮೂರು ಯಾಕೆ ತಪ್ಪು ಅಂತ ಒಂದು ಸಾಲೂ ಇಲ್ಲ. ತಿರುವಿ ಹಾಕ್ತಾ ಇದ್ದಾಗ ಒಂದು ಕಡೆ ರಿಮೋಟ್ ಡೆಸ್ಕ್‌ಟಾಪಿನ ಪೋರ್ಟ್ 443 ಅಂತ ಹಳದಿ ಬಳಿದಿದ್ದು ಕಾಣಿಸ್ತು. ಅದು 3389. ಹುಡುಗ ಆ ತಪ್ಪನ್ನೂ ಶ್ರದ್ಧೆಯಿಂದ ಬಾಯಿಪಾಠ ಮಾಡಿದ್ದಾನೆ. ಇನ್ನು ಮುಖಪುಟ ನೋಡಿದರೆ 220-1101, 220-1102. ಆ ಎರಡು ಪರೀಕ್ಷೆಗಳು 2025ರ ಸೆಪ್ಟೆಂಬರ್ 25ಕ್ಕೇ ನಿಂತುಹೋಗಿವೆ! ಈಗ ಇರೋದು 220-1201 ಮತ್ತು 220-1202, ಅವು 2025ರ ಮಾರ್ಚ್‌ನಲ್ಲೇ ಬಂದಿವೆ. ಅಂದರೆ ಇಲ್ಲದ ಪರೀಕ್ಷೆಗೆ, ತಪ್ಪು ಉತ್ತರ ಇರೋ ಕಟ್ಟನ್ನು ಕೊಟ್ಟು ದುಡ್ಡು ತಗೊಂಡಿದ್ದಾರೆ. ಯಾವ ದುಡ್ಡು? "ಅವ್ವ ಸಂಘದಾಗ ಸಾಲ ತಗೊಂಡು ಕೊಟ್ಟಾಳ್ರಿ" ಅಂದ. "ಇಷ್ಟ ಓದಿದ್ರ ಸಾಕು ಅಂದಾರ್ರಿ ಸರ."

ಇಷ್ಟೇ ಓದಿದರೆ ಸಾಕು ಅಂದವರು ಅವನಿಗೆ ಒಂದು ವಿಷಯ ಹೇಳಲೇ ಇಲ್ಲ. ಈ ಪರೀಕ್ಷೆಯಲ್ಲಿ ಏನೇನು ಬರುತ್ತೆ ಅನ್ನೋ ಪೂರ್ತಿ ಪಟ್ಟಿಯನ್ನು ಪರೀಕ್ಷೆ ನಡೆಸೋ ಕಾಂಪ್‌ಟಿಯಾದವರೇ ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಎಕ್ಸಾಮ್ ಆಬ್ಜೆಕ್ಟಿವ್ಸ್ ಅಂತ ಅದರ ಹೆಸರು. ಎರಡು ಪರೀಕ್ಷೆಗೆ ಎರಡು ಪಿಡಿಎಫ್. ಯಾವ ಭಾಗಕ್ಕೆ ಎಷ್ಟು ತೂಕ ಅನ್ನೋದೂ ಅದರಲ್ಲೇ ಇದೆ. 1201ರಲ್ಲಿ ಹಾರ್ಡ್‌ವೇರಿಗೆ ಶೇ. 25, ನೆಟ್‌ವರ್ಕಿಂಗಿಗೆ ಶೇ. 23, ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ತೊಂದರೆ ಹುಡುಕಿ ಸರಿ ಮಾಡೋದಕ್ಕೆ ಶೇ. 28. 1202ರಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ ಶೇ. 28, ಸೆಕ್ಯುರಿಟಿಗೂ ಅಷ್ಟೇ. ಕೊನೆಯಲ್ಲಿ ಎಲ್ಲಾ ಸಂಕ್ಷಿಪ್ತ ಪದಗಳ ಪಟ್ಟಿ. ಅದರ ಜೊತೆಗೆ, ಅಭ್ಯಾಸಕ್ಕೆ ಯಾವ ಹಾರ್ಡ್‌ವೇರ್, ಯಾವ ಸಾಫ್ಟ್‌ವೇರ್, ಯಾವ ಉಪಕರಣ ಇಟ್ಟುಕೊಂಡರೆ ಒಳ್ಳೇದು ಅಂತ ಇನ್ನೊಂದು ಪಟ್ಟಿ. ಪರೀಕ್ಷೆ ಮಾಡೋರೇ ಕೈಯಲ್ಲಿ ಮಾಡಿ ಕಲೀರಿ ಅಂತ ಬರೆದು ಕೊಟ್ಟಿದ್ದಾರೆ.

ಆ ಪಟ್ಟಿ ಇದೆ ಅಂತಲೇ ಹುಡುಗನಿಗೆ ಗೊತ್ತಿರಲಿಲ್ಲ. ನನಗೆ ಸಂಕಟ ಆಗೋದು ಇಲ್ಲೇ. ಪುಸ್ತಕ ಮಾರಲಿ, ವಿಡಿಯೊ ಮಾರಲಿ, ಕ್ಲಾಸಿಗೆ ಫೀಸು ತಗೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಮೊದಲ ದಿನ ಆ ಪುಕ್ಕಟೆ ಪಟ್ಟಿಯನ್ನು ಪ್ರಿಂಟ್ ತೆಗೆದು ಹುಡುಗರ ಕೈಗಿಡಬೇಕು ತಾನೇ? ಅದು ಕೈಯಲ್ಲಿದ್ದರೆ ಯಾವ ಪುಸ್ತಕ ಆಗುತ್ತೆ, ಯಾವುದು ಆಗಲ್ಲ ಅಂತ ಹುಡುಗನೇ ತಾಳೆ ನೋಡ್ತಾನೆ. ಕೊಡದೇ ಇರೋದು ಅದಕ್ಕೇ.

ಈಗ ನನ್ನ ವಿಷಯ ಹೇಳ್ತೀನಿ. ಇದುವರೆಗೆ ಹತ್ತಿರದವರಿಗೂ ಹೇಳಿಲ್ಲ.

ನಾನು ಎ ಪ್ಲಸ್ ಮಾಡಿದ್ದು 2010ರಲ್ಲಿ, ಆಗ ಪರೀಕ್ಷೆಯ ಕೋಡ್ 701, 702 ಇತ್ತು. ನಾನು ಓದಿದ್ದೂ ಇಂಥದ್ದೇ ಡಂಪ್, ಅಂದರೆ ಪರೀಕ್ಷೆಯಿಂದ ಕದ್ದ ಪ್ರಶ್ನೆ-ಉತ್ತರಗಳ ಕಟ್ಟು. ಪಾಸಾದೆ, ಸ್ವೀಟ್ ಹಂಚಿದೆ. ಕೆಲವೇ ತಿಂಗಳಲ್ಲಿ ಒಂದು ಆಡಿಟರ್ ಆಫೀಸಿಗೆ ಕಳಿಸಿದರು. ಒಂದು ಸಿಸ್ಟಮ್‌ಗೆ ನೆಟ್‌ವರ್ಕ್ ಸಿಗ್ತಿಲ್ಲ. ನೋಡಿದರೆ 169.254. ಹೆಸರು ಗೊತ್ತಿತ್ತು, ಎಪಿಪಾ. ನೆಟ್‌ವರ್ಕಿನಲ್ಲಿ ಐಪಿ ಹಂಚೋ ಡಿಎಚ್‌ಸಿಪಿಯಿಂದ ಐಪಿ ಸಿಗದೇ ಹೋದಾಗ ಸಿಸ್ಟಮ್ ತಾನೇ ಹಾಕಿಕೊಳ್ಳೋ ವಿಳಾಸ ಅಂತ ಬಾಯಿಗೆ ಬರ್ತಿತ್ತು. ಅಲ್ಲಿಂದ ಮುಂದೆ ಮೊದಲು ಕೇಬಲ್ ನೋಡಬೇಕು, ಸ್ವಿಚ್ಚಿನ ದೀಪ ಉರೀತಿದೆಯಾ ನೋಡಬೇಕು, ಪಕ್ಕದ ಸಿಸ್ಟಮ್‌ಗೆ ಐಪಿ ಬಂದಿದೆಯಾ ಅಂತ ಕೇಳಬೇಕು ಅನ್ನೋದು ತಲೆಗೇ ಹೋಗಲಿಲ್ಲ. ಫಾರ್ಮ್ಯಾಟ್ ಹೊಡೆದೆ. ವಿಂಡೋಸ್ ಹೊಸದಾಗಿ ಹಾಕಿದ ಮೇಲೂ ಅದೇ 169.254. ಆಮೇಲೆ ಟೇಬಲ್ ಹಿಂದೆ ಬಗ್ಗಿ ನೋಡಿದರೆ ನೆಟ್‌ವರ್ಕ್ ಕೇಬಲ್ ತುದಿಯ ಆರ್‌ಜೆ 45 ಕನೆಕ್ಟರಿನ ಕ್ಲಿಪ್ ಮುರಿದು ವೈರು ಸಡಿಲ ಆಗಿತ್ತು. ಆ ಸಿಸ್ಟಮ್‌ನಲ್ಲಿದ್ದ ಟ್ಯಾಲಿ ಡೇಟಾ ಹೋಯಿತು. ಬ್ಯಾಕಪ್ ಇದ್ದದ್ದು ಮೂರು ವಾರ ಹಳೇದು. ಅಲ್ಲಿ ಅಕೌಂಟ್ಸ್ ನೋಡ್ತಿದ್ದ ಅಮ್ಮ ನನ್ನನ್ನ ಬೈಯಲಿಲ್ಲ. ಬೀರುವಿನಿಂದ ವೋಚರ್ ಕಟ್ಟು ಇಳಿಸಿ, ದಾರ ಬಿಚ್ಚಿ, ಮೊದಲನೇದರಿಂದ ಎಂಟ್ರಿ ಹಾಕೋಕೆ ಕೂತರು. ಆ ದಾರ ಬಿಚ್ಚಿದ ಕೈ ನನಗೆ ಇವತ್ತಿಗೂ ನೆನಪಿದೆ.

2011ರ ಜನವರಿಗೆ ಮುಂಚೆ ಪಾಸಾದವರ ಎ ಪ್ಲಸ್‌ಗೆ ಅವಧಿ ಇಲ್ಲ, ಜೀವನಪೂರ್ತಿ. ಈಗಿನ ಹುಡುಗರದ್ದಾದರೆ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ನನ್ನ ಸರ್ಟಿಫಿಕೇಟ್ ಯಾವತ್ತೂ ಹಳೇದಾಗಲ್ಲ. ಅದನ್ನ ನಾನು ಗೋಡೆಗೆ ಹಾಕಿಲ್ಲ.

ಅದಕ್ಕೇ ಎಲ್ಲರಿಗೂ 169.254 ಕೇಳ್ತೀನಿ.

ರಾತ್ರಿ ಈ ಹುಡುಗನ ವಿಷಯ ಒಬ್ಬ ಗೆಳೆಯನಿಗೆ ಫೋನಲ್ಲಿ ಹೇಳಿದೆ. ಅವನು, "ನೀನು ಮಾತಾಡ್ತೀಯಪ್ಪ, ಹಳ್ಳಿ ಹುಡುಗರಿಗೆ ಇಂಗ್ಲಿಷ್ ಬರಲ್ಲ, ಪುಸ್ತಕಕ್ಕೆ ದುಡ್ಡಿಲ್ಲ, ಬೇಗ ಕೆಲಸ ಆಗಬೇಕು, ಡಂಪ್ ಬಿಟ್ಟರೆ ಅವರಿಗೆ ಏನು ದಾರಿ?" ಅಂದ. ನಾನು ಇದನ್ನ ಒಪ್ಪಲ್ಲ. ಡಂಪ್ ಇರೋದೂ ಇಂಗ್ಲಿಷಿನಲ್ಲೇ ಅಲ್ವಾ? ಅರ್ಥ ಆಗದ ನೂರಾರು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡೋ ಹುಡುಗನಿಗೆ ಫ್ಯೂಸರ್ ಅಂದರೇನು ಅಂತ ಕಲಿಯೋದು ಕಷ್ಟವಾ? ಒಂದು ಹಳೇ ಲೇಸರ್ ಪ್ರಿಂಟರ್ ಅವನ ಮುಂದಿಡಿ. ಪ್ರಿಂಟ್ ಆದ ಹಾಳೆ ಮೇಲೆ ಬೆರಳು ಉಜ್ಜಿದಾಗ ಅಕ್ಷರ ಪುಡಿಯಾಗಿ ಬೆರಳಿಗೆ ಅಂಟಿದರೆ, ಟೋನರ್ ಕಾಗದಕ್ಕೆ ಕರಗಿ ಕೂತಿಲ್ಲ, ಫ್ಯೂಸರ್ ಕಾಯ್ತಿಲ್ಲ ಅಂತ ಅರ್ಥ. ಒಂದು ಸಲ ಬೆರಳು ಕಪ್ಪಾದರೆ ಸಾಕು, ಚಾರ್ಜಿಂಗ್, ಎಕ್ಸ್‌ಪೋಸಿಂಗ್, ಡೆವಲಪಿಂಗ್ ಅಂತ ಲೇಸರ್ ಪ್ರಿಂಟಿಂಗಿನ ಏಳೂ ಹಂತ ಅದರ ಹಿಂದೆ ತಾನಾಗಿ ಬರುತ್ತೆ. ಇದಕ್ಕೆ ಎಷ್ಟು ಇಂಗ್ಲಿಷ್ ಬೇಕು?

ದುಡ್ಡಿನ ಮಾತೂ ಹಾಗೇ. ಪಟ್ಟಿ ಪುಕ್ಕಟೆ. ಯೂಟ್ಯೂಬಿನಲ್ಲಿ ಪ್ರೊಫೆಸರ್ ಮೆಸರ್ ಅವರ ಎ ಪ್ಲಸ್ ಪಾಠಗಳು ಪುಕ್ಕಟೆ, ಅದೂ ಇದೇ ಪಟ್ಟಿಯ ಅನುಕ್ರಮದಲ್ಲಿ. ಮಾತು ವೇಗ ಅನ್ನಿಸಿದರೆ ನಿಧಾನ ಮಾಡಿಕೊಂಡು ಕೇಳಿ, ಪಕ್ಕದಲ್ಲಿ ನಿಮ್ಮ ಕನ್ನಡದಲ್ಲೇ ನೋಟ್ಸ್ ಬರೀರಿ. ನಾನು ಎರಡನೇ ಸಲ ನೆಟ್ಟಗೆ ಕೂತು ಓದಿದಾಗ, ಸಬ್‌ನೆಟ್ ಮಾಸ್ಕ್ ಅಂದರೆ ವಿಳಾಸದಲ್ಲಿ ಬೀದಿ ಎಲ್ಲಿಗೆ ಮುಗೀತು, ಮನೆ ನಂಬರ್ ಎಲ್ಲಿಂದ ಶುರುವಾಯ್ತು ಅಂತ ತೋರಿಸೋ ಗೆರೆ ಅಂತ ಬರೆದುಕೊಂಡಿದ್ದೆ. ಇವತ್ತಿಗೂ ನಾನು ಹಾಗೇ ಹೇಳಿಕೊಡೋದು. ಒಂದು ಸಿಸ್ಟಮ್ ಒಳಗೇ ಇನ್ನೊಂದು ಸಿಸ್ಟಮ್ ಓಡಿಸೋ ವರ್ಚುವಲ್‌ಬಾಕ್ಸ್ ಪುಕ್ಕಟೆ. ಮೈಕ್ರೋಸಾಫ್ಟ್ ಕೊಡೋ ವಿಂಡೋಸ್ 11 ಎಂಟರ್‌ಪ್ರೈಸ್ ಪರೀಕ್ಷಾ ಆವೃತ್ತಿ 90 ದಿನ ಪುಕ್ಕಟೆ. ಖರ್ಚು ಮಾಡಲೇಬೇಕು ಅಂದರೆ ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸೋ ಒಂದು ಕ್ರಿಂಪಿಂಗ್ ಟೂಲ್, ಒಂದು ಹಿಡಿ ಕನೆಕ್ಟರ್, ನಾಲ್ಕು ಮೀಟರ್ ಕೇಬಲ್ ತಗೊಳ್ಳಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ ಅಂತ ನಿಮ್ಮ ಉಗುರಿನಿಂದ ವೈರು ಬಿಡಿಸಿ ಜೋಡಿಸಿ.

ಅವೆನ್ಯೂ ರೋಡಿನಲ್ಲಿ ಸಿಗೋ ಹಳೇ ದಪ್ಪ ಪುಸ್ತಕಗಳ ಬಗ್ಗೆಯೂ ತುಂಬ ಜನ ಕೇಳ್ತಾರೆ. ಬೆನ್ನಿನ ಮೇಲೆ 801, 901 ಅಂತ ಇದ್ದರೆ ಮುಖ್ಯ ಪುಸ್ತಕ ಅಂತ ತಗೋಬೇಡಿ. ಪವರ್ ಸಪ್ಲೈ, ಲೇಸರ್ ಪ್ರಿಂಟರ್‌ನಂಥ ಅಧ್ಯಾಯಗಳು ಇವತ್ತಿಗೂ ಓದೋಕೆ ಚೆನ್ನಾಗಿವೆ, ಆದರೆ ವಿಂಡೋಸ್ 11 ಅದರಲ್ಲಿ ಎಲ್ಲಿಂದ ಬರಬೇಕು? ಕೋಡ್ ನೋಡಿ ಕೊಳ್ಳಿ. ಇನ್ನೊಂದು, ಮೊದಲ ಪರೀಕ್ಷೆ ಕೋರ್ 1 ಹಳೇ ಸರಣಿಯಲ್ಲಿ ಪಾಸಾಗಿ ಎರಡನೇದು ಕೋರ್ 2 ಹೊಸದರಲ್ಲಿ ಬರೆದರೆ ಎರಡೂ ಸೇರಿ ಸರ್ಟಿಫಿಕೇಟ್ ಆಗಲ್ಲ. ಎರಡೂ ಒಂದೇ ಸರಣಿಯದ್ದಾಗಿರಬೇಕು.

ಅಭ್ಯಾಸದ ಪ್ರಶ್ನೆಗಳು ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ, ಬೇಕೇ ಬೇಕು. 90 ನಿಮಿಷದಲ್ಲಿ ಗರಿಷ್ಠ 90 ಪ್ರಶ್ನೆ, 900ಕ್ಕೆ ಕೋರ್ 1ರಲ್ಲಿ 675, ಕೋರ್ 2ರಲ್ಲಿ 700 ಬರಬೇಕು. ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡದಿದ್ದರೆ ಕಷ್ಟ. ಆದರೆ ಒಳ್ಳೇ ಅಭ್ಯಾಸ ಪುಸ್ತಕದಲ್ಲಿ ಪ್ರಶ್ನೆಗಿಂತ ವಿವರಣೆ ಉದ್ದ ಇರುತ್ತೆ. ಪರೀಕ್ಷೆಯಲ್ಲಿ ಬರೀ ಆಪ್ಶನ್ ಪ್ರಶ್ನೆ ಇರಲ್ಲ, ಪರದೆ ಮೇಲೆ ಕೆಲಸ ಮಾಡಿ ತೋರಿಸೋ ಪ್ರಶ್ನೆಗಳೂ ಇವೆ. ಅಲ್ಲಿ ಹಳದಿ ಗೆರೆ ಸಹಾಯಕ್ಕೆ ಬರಲ್ಲ. ಕದ್ದ ಪ್ರಶ್ನೆ ಓದಿ ಬರೆದದ್ದು ಗೊತ್ತಾದರೆ ಕಾಂಪ್‌ಟಿಯಾ ಸರ್ಟಿಫಿಕೇಟ್ ವಾಪಸ್ ತಗೊಳ್ಳಬಹುದು, ಮುಂದೆ ಬರೆಯದ ಹಾಗೆ ತಡೆಯಲೂಬಹುದು. ಈ ನಿಯಮವನ್ನೂ ಯಾರೂ ಹುಡುಗರಿಗೆ ಹೇಳಲ್ಲ. ಸಿಕ್ಕಿಬಿದ್ದರೆ ಹೋಗೋದು ಇನ್‌ಸ್ಟಿಟ್ಯೂಟಿನ ಹೆಸರಲ್ಲ, ಹುಡುಗನ ಹೆಸರು.

ನಿನ್ನೆ ಅವನಿಗೆ ಕೆಲಸ ಕೊಡೋಕೆ ಆಗಲಿಲ್ಲ. 1201, 1202ರ ಪಟ್ಟಿ ಎರಡೂ ಪ್ರಿಂಟ್ ತೆಗೆದು ಕೊಟ್ಟೆ. ಓದಿದ್ದಕ್ಕೆಲ್ಲ ಗುರುತು ಹಾಕಬೇಡ, ಕೈಯಲ್ಲಿ ಮಾಡಿ ನೋಡಿದ್ದಕ್ಕೆ ಮಾತ್ರ ಪೆನ್ಸಿಲ್ ಗುರುತು ಹಾಕು ಅಂದೆ. ಅವನು ಪುಟ ತಿರುವಿ, "ಇದು ಎಲ್ಲಾ ಮೊದಲ ಇತ್ತೇನ್ರಿ ಸರ?" ಅಂತ ಕೇಳಿದ. ಇತ್ತಪ್ಪಾ ಅಂದೆ. ಬೇರೆ ಏನೂ ಹೇಳೋಕೆ ಆಗಲಿಲ್ಲ.

ಭಾನುವಾರ ಬೆಳಗ್ಗೆ ನಮ್ಮ ಆಫೀಸಿನ ಹಿಂದಿನ ಕೋಣೆಗೆ ಬರೋಕೆ ಹೇಳಿದೀನಿ. ಅವನಂಥವರು ಇನ್ನಿಬ್ಬರು ಇದ್ದಾರೆ. ಅಲ್ಲಿರೋದು ಒಂದೇ ಡೆಸ್ಕ್‌ಟಾಪ್, ಮೂರು ಜನ ಬಿಚ್ಚಿ ಜೋಡಿಸೋಕೆ ಸಾಲದು. ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಮೂಲೆಗೆ ಬಿದ್ದಿರೋ ಹಳೇ ಸಿಸ್ಟಮ್ ಇದ್ದರೆ ಹೇಳಿ. ಹಳೇ ಕಾಲದ ಡಿಡಿಆರ್ 3 ಮೆಮೊರಿ ಇರೋದಾದರೂ ಪರವಾಗಿಲ್ಲ, ಆನ್ ಆಗದಿದ್ದರೆ ಇನ್ನೂ ಒಳ್ಳೇದು. ಕೆಟ್ಟ ಲೇಸರ್ ಪ್ರಿಂಟರ್ ಇದ್ದರೆ ಅದೂ ಬೇಕು. ಬೆಂಗಳೂರಿನ ಒಳಗೆ ಎಲ್ಲಿದ್ದರೂ ನಾನೇ ಗಾಡಿ ತಂದು ತಗೊಂಡು ಹೋಗ್ತೀನಿ.